ಇಂಗ್ಲಿಷ್–ಫ್ರೆಂಚ್ ಧ್ವನಿಶಾಸ್ತ್ರದ ಪದಪಟ್ಟಿ: ನಾನು ಮಾಡಿಕೊಂಡ ಬಗೆ

ಫ್ರೆಂಚ್ ಕಲಿಸುವುದು ಮತ್ತು ಅನುವಾದ ಮಾಡುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ, ಫ್ರೆಂಚಿನಲ್ಲಿದ್ದ ಧ್ವನಿಶಾಸ್ತ್ರದ ಉಪನ್ಯಾಸ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರುವ ಕೆಲಸವನ್ನು ಒಪ್ಪಿಕೊಂಡಾಗ, ಪಾರಿಭಾಷಿಕ ಪದಗಳು ನನಗೆ ತೊಂದರೆ ಕೊಡಬಹುದೆಂಬ ಯೋಚನೆಯೇ ಬಂದಿರಲಿಲ್ಲ. ಎರಡೂ ಭಾಷೆಗಳ ಈ ಪದಗಳು ಬಹುಪಾಲು ಲ್ಯಾಟಿನ್ನಿನಿಂದ ಬಂದವು; ನಾಸಿಕ್ಯಕ್ಕೆ ಅಲ್ಲಿ ನಜ಼ಾಲ್, ಇಲ್ಲಿ ನೇಸಲ್; ಹೀಗೆ ಪದದ ಬಾಲವನ್ನು ಬದಲಿಸಿದರೆ ಮುಗಿಯಿತು ಎಂದುಕೊಂಡು ಎರಡೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಪದಗಳ ಜೋಡಿಪಟ್ಟಿಯೊಂದನ್ನು ಬರೆದಿಟ್ಟುಕೊಂಡೆ.

ಆ ಪಟ್ಟಿಯ ತಪ್ಪನ್ನು ಮೊದಲು ಕಂಡವಳು, ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ವಿಷಯವನ್ನು ಓದುತ್ತಿದ್ದ ನನ್ನ ಅಕ್ಕನ ಮಗಳು. ಫ್ರೆಂಚಿನ ‘ಸೊನೋರ್’ ಎಂಬ ಪದದ ಎದುರು ನಾನು ‘ಸೊನೊರಂಟ್’ ಎಂದು ಬರೆದಿದ್ದೆ. ಅನುವಾದದ ಒಂದು ಪುಟವನ್ನು ಓದಿದವಳೇ, “ಚಿಕ್ಕಮ್ಮ, ಮ, ನ, ರ, ಲ ಎಲ್ಲ ಘೋಷವೇ, ನಿಜ. ಆದರೆ ಇಲ್ಲಿ ಬ, ದ, ಗಗಳನ್ನೂ ಸೊನೊರಂಟ್ ಅಂತ ಬರೆದಿದ್ದೀರಲ್ಲ, ಅದು ಹೇಗೆ?” ಎಂದು ಕೇಳಿದಳು. ಫ್ರೆಂಚಿನಲ್ಲಿ ‘ಸೊನೋರ್’ ಎಂದರೆ ಘೋಷ, ಗಂಟಲಿನ ಧ್ವನಿತಂತುಗಳು ಕಂಪಿಸಿ ಹುಟ್ಟುವ ಧ್ವನಿ, ಅಂದರೆ ಇಂಗ್ಲಿಷಿನ ‘ವಾಯ್ಸ್ಡ್’. ಇಂಗ್ಲಿಷಿನ ಸೊನೊರಂಟ್ ಎಂದರೆ ಮ, ನ, ರ, ಲಗಳಂತೆ ಬಾಯಿಯಿಂದಲೋ ಮೂಗಿನಿಂದಲೋ ಉಸಿರು ಸರಾಗವಾಗಿ ಹರಿಯುವ ಧ್ವನಿ; ಅದಕ್ಕೆ ಫ್ರೆಂಚಿನಲ್ಲಿ ‘ಸೊನಾಂತ್’ ಎಂಬ ಬೇರೆ ಪದವಿದೆ. ಒಂದು ಪದದ ತಪ್ಪಿನಿಂದ ಇಡೀ ಅಧ್ಯಾಯದಲ್ಲಿ ವ್ಯಂಜನಗಳ ವರ್ಗೀಕರಣವೇ ತಲೆಕೆಳಗಾಗಿತ್ತು.

ಘೋಷಕ್ಕೆ ವಿರುದ್ಧವಾದ ಅಘೋಷವನ್ನು ಫ್ರೆಂಚರು ‘ಸೂರ್ದ್’ ಎನ್ನುತ್ತಾರೆ. ಅದರ ನಿತ್ಯಬಳಕೆಯ ಅರ್ಥ ‘ಕಿವುಡಿ’. ಇದು ವಿಚಿತ್ರವೆನಿಸಿದರೂ ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಇದೇ ಜೋಡಿಯಿತ್ತು. 1879ರಲ್ಲಿ ಪ್ರಕಟವಾದ, ಅಮೆರಿಕದ ವಿದ್ವಾಂಸ ವಿಟ್ನಿಯ ಸಂಸ್ಕೃತ ವ್ಯಾಕರಣದಲ್ಲಿ ಘೋಷ, ಅಘೋಷಗಳಿಗೆ ‘ಸೊನಂಟ್’ ಮತ್ತು ‘ಸರ್ಡ್’ ಎಂಬ ಪದಗಳೇ ಇವೆ. ಇಂಗ್ಲಿಷ್ ಆ ಹಳೆಯ ಜೋಡಿಯನ್ನು ಬಿಟ್ಟು ‘ವಾಯ್ಸ್ಡ್’, ‘ವಾಯ್ಸ್‌ಲೆಸ್’ ಎಂಬುವನ್ನು ಹಿಡಿಯಿತು. ಫ್ರೆಂಚಿನಲ್ಲಿ ‘ವ್ವಾಜ಼ೆ’ ಎಂಬ ಹೊಸ ಪದ ಬಂದ ಮೇಲೂ ಹಳೆಯದು ಹೋಗಲಿಲ್ಲ. ಆದ್ದರಿಂದ ಒಂದು ಲೇಖನದಲ್ಲಿ ಸೊನೋರ್, ಇನ್ನೊಂದರಲ್ಲಿ ವ್ವಾಜ಼ೆ ಕಂಡರೆ ಅವು ಎರಡು ಬೇರೆ ಗುಣಗಳೆಂದು ಭ್ರಮಿಸಬಾರದು. ನಮ್ಮ ‘ಘೋಷ’ ಮಾತ್ರ, ವೇದಗಳ ಉಚ್ಚಾರಣೆಯನ್ನು ವಿವರಿಸುವ ಪ್ರಾಚೀನ ಗ್ರಂಥಗಳಾದ ಪ್ರಾತಿಶಾಖ್ಯಗಳ ಕಾಲದಿಂದ ಇಂದಿನವರೆಗೆ ಅಲುಗಾಡದೆ ನಿಂತಿದೆ ಎಂಬುದು ನನಗೆ ಆಗ ಹೊಳೆಯಿತು, ಮತ್ತು ಪಟ್ಟಿಯನ್ನು ಮತ್ತೆ ಮಾಡಲು ಅದೇ ದಾರಿಯಾಯಿತು.

ಎರಡನೆಯ ಸಲ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಇಂಗ್ಲಿಷ್ ಮತ್ತು ಫ್ರೆಂಚ್ ಪದಗಳ ನಡುವೆ ಕನ್ನಡಕ್ಕೆ ಒಂದು ಅಂಕಣ ಬಿಟ್ಟೆ. ಯಾವ ಇಂಗ್ಲಿಷ್ ಪದವನ್ನೂ ನೇರವಾಗಿ ಫ್ರೆಂಚಿಗೆ ಗಂಟು ಹಾಕದೆ, ಮೊದಲು ಬಾಯಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನಡುವಿನ ಅಂಕಣದಲ್ಲಿ ಬರೆದು, ಆಮೇಲೆ ಎಡಬಲಗಳನ್ನು ತುಂಬುವುದು ನಾನು ಹಾಕಿಕೊಂಡ ನಿಯಮ. ಇದಕ್ಕೆ ಸ್ಥಾನ, ಕರಣ, ಪ್ರಯತ್ನ ಎಂಬ ಹಳೆಯ ವಿಂಗಡಣೆ ಬಹಳ ಅನುಕೂಲವಾಯಿತು. ಸ್ಥಾನ, ಅಂದರೆ ಧ್ವನಿ ಹುಟ್ಟುವ ಜಾಗವೇ ಫ್ರೆಂಚಿನ ‘ಲ್ಯೊ ದಾರ್ತಿಕ್ಯುಲಾಸ್ಯೊಂ’, ಪ್ರಯತ್ನ, ಅಂದರೆ ಅದನ್ನು ಹುಟ್ಟಿಸುವ ಬಗೆಯೇ ‘ಮೋದ್ ದಾರ್ತಿಕ್ಯುಲಾಸ್ಯೊಂ’. ಇನ್ನು ಕರಣ, ಅಂದರೆ ಚಲಿಸುವ ಅಂಗ, ಫ್ರೆಂಚ್ ಪುಸ್ತಕಗಳಲ್ಲಿ ಹೆಸರಿನೊಳಗೇ ಸೇರಿಕೊಳ್ಳುವುದುಂಟು: ನಾಲಿಗೆಯ ತುದಿ ಹಲ್ಲಿಗೆ ತಾಗಿದರೆ ‘ಆಪಿಕೊ–ದಾಂತಾಲ್’, ನಾಲಿಗೆಯ ಬೆನ್ನು ಮೃದು ತಾಲುವಿಗೆ ತಾಗಿದರೆ ‘ದೋರ್ಸೊ–ವೆಲೇರ್’. ಇಂಗ್ಲಿಷ್ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಸ್ಥಾನವನ್ನಷ್ಟೇ ಹೇಳಿ ಸುಮ್ಮನಾಗುತ್ತವೆ.

ಲಿಂಗವನ್ನು ಗುರುತಿಸಲು ಇನ್ನೊಂದು ಕಿರಿದಾದ ಅಂಕಣ ಬೇಕಾಯಿತು. ಫ್ರೆಂಚಿನಲ್ಲಿ ಸ್ವರ, ವ್ಯಂಜನ ಎರಡೂ ಸ್ತ್ರೀಲಿಂಗ, ಆದ್ದರಿಂದ ಅವುಗಳ ವಿಶೇಷಣಗಳೂ ಸ್ತ್ರೀಲಿಂಗದ ರೂಪದಲ್ಲಿಯೇ ನಾಮಪದಗಳಾಗುತ್ತವೆ. ಆದರೆ ಅರ್ಥಭೇದ ಮಾಡುವ ಧ್ವನಿಘಟಕಕ್ಕಿರುವ ‘ಫೊನೇಮ್’ ಎಂಬ ಪದ ಪುಲ್ಲಿಂಗವಾದ್ದರಿಂದ ಅದರ ಜೊತೆಗೆ ಬಂದಾಗ ‘ಸೂರ್ದ್’ ಎಂಬುದು ‘ಸೂರ್’ ಆಗುತ್ತದೆ. ಮೃದು ತಾಲುವಿಗೆ ಅವರು ‘ವ್ವಾಲ್ ದ್ಯು ಪಾಲೆ’, ಎಂದರೆ ಅಂಗುಳದ ಪರದೆ, ಎನ್ನುತ್ತಾರೆ. ಈ ‘ವ್ವಾಲ್’ ಪುಲ್ಲಿಂಗದಲ್ಲಿದ್ದರೆ ಪರದೆ, ಸ್ತ್ರೀಲಿಂಗದಲ್ಲಿದ್ದರೆ ಹಡಗಿನ ಹಾಯಿ. ನನ್ನ ಮೊದಲ ಪಟ್ಟಿಯಲ್ಲಿ ಅದು ಹಾಯಿಯೇ ಆಗಿತ್ತು.

ವಾಯುವನ್ನು ಪೂರ್ತಿಯಾಗಿ ತಡೆದು ಉಚ್ಚರಿಸುವ ವ್ಯಂಜನಗಳಿಗೆ ಬಂದಾಗ ಮೂರು ಭಾಷೆಗಳ ಗೆರೆಗಳು ಮೂರು ಕಡೆ ಬೀಳುತ್ತವೆ. ‘ಕ’ದಿಂದ ‘ಮ’ದವರೆಗಿನ ಇಪ್ಪತ್ತೈದನ್ನೂ ನಮ್ಮ ವ್ಯಾಕರಣ ಸ್ಪರ್ಶವೆಂದು ಕರೆಯುತ್ತದೆ, ಅದರಲ್ಲಿ ಅನುನಾಸಿಕಗಳೂ ಸೇರಿವೆ. ಇಂಗ್ಲಿಷಿನ ‘ಪ್ಲೋಸಿವ್’ ಅನುನಾಸಿಕಗಳನ್ನು ಹೊರಗಿಡುತ್ತದೆ, ‘ಸ್ಟಾಪ್’ ಎಂಬುದು ಬರೆಯುವವರನ್ನು ಅವಲಂಬಿಸಿ ಒಳಗೂ ಹೊರಗೂ ಇರುತ್ತದೆ. ಫ್ರೆಂಚಿನ ‘ಒಕ್ಲ್ಯುಜ಼ೀವ್’ ನಮ್ಮ ಸ್ಪರ್ಶಕ್ಕೆ ಹತ್ತಿರ: ಬಾಯಿಯ ಒಕ್ಲ್ಯುಜ಼ೀವ್, ಮೂಗಿನ ಒಕ್ಲ್ಯುಜ಼ೀವ್ ಎಂದು ಅದನ್ನೇ ಎರಡಾಗಿ ವಿಂಗಡಿಸುತ್ತಾರೆ. ಉಸಿರು ಉಜ್ಜಿಕೊಂಡು ಹೊರಬರುವ ಊಷ್ಮಗಳಲ್ಲಿಯೂ ಇದೇ ಬಗೆಯ ಎಡವಟ್ಟು ಕಾದಿತ್ತು. ಇಂಗ್ಲಿಷಿನ ‘ಸಿಬಿಲಂಟ್’ ಎಂಬುದರಲ್ಲಿ ಸಕಾರವೂ ಶಕಾರವೂ ಸೇರುತ್ತವೆ; ಫ್ರೆಂಚರು ಸಕಾರವನ್ನು ಶಿಳ್ಳೆ ಹಾಕುವ ‘ಸಿಫ್ಲಾಂತ್’ ಎಂದೂ, ಶಕಾರವನ್ನು ‘ಶ್ವೆಂತಾಂತ್’ ಎಂದೂ ಬೇರೆ ಮಾಡುತ್ತಾರೆ. ಈ ಎರಡನೆಯ ಪದ ಹುಟ್ಟಿದ ಕ್ರಿಯಾಪದವನ್ನು ಅವರು ಗೂಬೆಯ ಕೂಗಿಗೂ ಬಳಸುತ್ತಾರೆ. ಸಿಫ್ಲಾಂತನ್ನು ಸಿಬಿಲಂಟ್ ಎಂದು ಅನುವಾದಿಸಿದರೆ ಅರ್ಧ ವರ್ಗ ಹೆಚ್ಚಾಗಿ ಸೇರಿಕೊಳ್ಳುತ್ತದೆ.

ತಕಾರದ ವಿಷಯದಲ್ಲಿ ಕನ್ನಡದ ಕಿವಿಯೇ ಗುರುವಾಯಿತು. ಇಂಗ್ಲಿಷಿನ ಅದೇ ಅಕ್ಷರವನ್ನು ನಾವು ‘ಟ’ ಎಂದು ಬರೆಯುತ್ತೇವೆ, ಫ್ರೆಂಚಿನದನ್ನು ‘ತ’ ಎಂದು. ಇಂಗ್ಲಿಷಿನಲ್ಲಿ ನಾಲಿಗೆ ತಾಗುವುದು ಹಲ್ಲಿನ ಹಿಂದಿನ ದಿಂಡಿಗೆ, ಅಂದರೆ ಅದು ವರ್ತ್ಸ್ಯ. ಫ್ರೆಂಚಿನಲ್ಲಿ ಹಲ್ಲಿಗೇ, ಅಂದರೆ ಅದು ದಂತ್ಯ. ಇಂಗ್ಲಿಷಿನ ಪದಾದಿಯ ಪ, ಟ, ಕಗಳಲ್ಲಿ ಉಸಿರು ಹೆಚ್ಚಿ ನಮ್ಮ ಮಹಾಪ್ರಾಣದಂತೆ ಕೇಳಿಸುತ್ತದೆ, ಫ್ರೆಂಚಿನಲ್ಲಿ ಹಾಗಾಗುವುದಿಲ್ಲ. ಕನ್ನಡದ ಅಲ್ಪಪ್ರಾಣವನ್ನು ಹಾಗೆಯೇ ಇಟ್ಟರೆ ಸಾಕು. ನನ್ನ ತರಗತಿಯ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ವಾರವೇ ಹೇಳಿಬಿಡುತ್ತೇನೆ.

ಕೆಲಸದ ನಡುವೆ ನನ್ನನ್ನು ಕಾಡಿದ ಪ್ರಶ್ನೆಯೆಂದರೆ, ಧ್ವನಿಲಿಪಿಯ ಚಿಹ್ನೆಗಳು ಎರಡೂ ಭಾಷೆಗಳಲ್ಲಿ ಒಂದೇ ಆಗಿರುವಾಗ ಹೆಸರುಗಳು ಮಾತ್ರ ಇಷ್ಟು ಬೇರೆಯಾದದ್ದು ಹೇಗೆ ಎಂಬುದು. ಚಿಹ್ನೆಗಳನ್ನು ಒಂದು ಸಂಘ ಕೂಡಿ ಒಪ್ಪಿಕೊಂಡಿತು: 1886ರಲ್ಲಿ ಪ್ಯಾರಿಸಿನಲ್ಲಿ ಪಾಲ್ ಪಾಸಿಯ ಮುಂದಾಳುತನದಲ್ಲಿ ಭಾಷಾ ಶಿಕ್ಷಕರು ಕಟ್ಟಿದ ಸಂಘವೇ ಮುಂದೆ ಅಂತರರಾಷ್ಟ್ರೀಯ ಧ್ವನಿಶಾಸ್ತ್ರ ಸಂಘವಾಯಿತು, ಮತ್ತು ಇಂಗ್ಲಿಷ್ ಧ್ವನಿಶಾಸ್ತ್ರವನ್ನು ಲಂಡನ್ನಿನಲ್ಲಿ ಬೆಳೆಸಿದ ಡೇನಿಯಲ್ ಜೋನ್ಸ್ ಕಲಿತದ್ದೂ ಇದೇ ಪಾಸಿಯ ಬಳಿ. ಹೆಸರುಗಳಿಗೆ ಅಂಥ ಒಪ್ಪಂದವಾಗಲಿಲ್ಲ. ಅವುಗಳಲ್ಲಿ ಹಲವು ಆಯಾ ದೇಶದ ಶಾಲಾ ವ್ಯಾಕರಣದಿಂದ ಬಂದು ಅಲ್ಲಿಯ ಅಭ್ಯಾಸವನ್ನೇ ಉಳಿಸಿಕೊಂಡವು ಎಂದು ನನಗೆ ತೋರುತ್ತದೆ. ಆ ಅಂತರರಾಷ್ಟ್ರೀಯ ಧ್ವನಿಲಿಪಿಯ ಹ್ರಸ್ವನಾಮ ಇಂಗ್ಲಿಷಿನಲ್ಲಿ ಐಪಿಎ ಆದದ್ದು ಫ್ರೆಂಚಿನಲ್ಲಿ ಎಪಿಐ ಆಗುವುದು ಇದರಲ್ಲಿ ಅತ್ಯಂತ ಸುಲಭದ ವ್ಯತ್ಯಾಸ. ಹಳೆಯ ಬರಹಗಳಲ್ಲಿ ಇನ್ನೂ ಎಚ್ಚರ ಬೇಕು: ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್ ತನ್ನ ಪಾಠಗಳಲ್ಲಿ ‘ಫೊನೆತೀಕ್’ ಎಂದದ್ದು ಧ್ವನಿಗಳ ಚಾರಿತ್ರಿಕ ಬದಲಾವಣೆಯ ಅಧ್ಯಯನವನ್ನು, ‘ಫೊನೊಲೊಜಿ’ ಎಂದದ್ದು ಉಚ್ಚಾರಣೆಯ ಅಧ್ಯಯನವನ್ನು, ಇಂದಿನ ಬಳಕೆ ಹಾಗಿಲ್ಲ.

‘ಆಕ್ಸಾಂ’ ಎಂಬ ಒಂದೇ ಪದ ಮೂರು ದಿನ ತಿಂದಿತು. ಅಕ್ಷರದ ಮೇಲಿನ ಗೆರೆಯೂ ಅದೇ, ಊರಿಂದೂರಿಗೆ ಬದಲಾಗುವ ಮಾತಿನ ಧಾಟಿಯೂ ಅದೇ, ಇಂಗ್ಲಿಷಿನ ‘ಸ್ಟ್ರೆಸ್’ ಕೂಡ ಅದೇ. ಅದೂ ಇಂಗ್ಲಿಷಿನಲ್ಲಿ ಸ್ಟ್ರೆಸ್ ಎಂಬುದು ಆಯಾ ಪದಕ್ಕೆ ಅಂಟಿಕೊಂಡಿದ್ದು, ‘ರೆಕಾರ್ಡ್’ ಎಂಬುದು ನಾಮಪದವೋ ಕ್ರಿಯಾಪದವೋ ಎಂಬುದನ್ನು ನಿರ್ಧರಿಸಬಲ್ಲದು. ಫ್ರೆಂಚಿನಲ್ಲಿ ಅದು ಪದಗುಚ್ಛದ ಕೊನೆಯ ಅಕ್ಷರಾಂಶದ ಮೇಲೆ ತಾನಾಗಿ ಬೀಳುತ್ತದೆ, ಅರ್ಥಭೇದ ಮಾಡುವುದಿಲ್ಲ. ಫ್ರೆಂಚರನ್ನು ಬೈದುಕೊಳ್ಳುತ್ತ ಕನ್ನಡದ ಅಂಕಣದಲ್ಲಿ ‘ಒತ್ತು’ ಎಂದು ಬರೆದ ಮೇಲೆ ನಕ್ಕೆ, ಏಕೆಂದರೆ ಒತ್ತಕ್ಷರವೂ ನಮಗೆ ಒತ್ತೇ. ಕೊನೆಗೆ ‘ಸ್ವರಾಘಾತ’ ಎಂದು ತಿದ್ದಿದೆ.

ಹೆಚ್ಚು ಸಂತೋಷ ಕೊಟ್ಟದ್ದು ಸಂಧಿಯ ಪುಟ. ‘ಊರು ಊರು’ ಸೇರಿ ‘ಊರೂರು’ ಆಗುವಾಗ ನಡೆಯುವ ಲೋಪವೇ ಫ್ರೆಂಚಿನ ‘ಎಲಿಜ಼್ಯೊಂ’. ‘ಲ’ ಎಂಬ ಉಪಪದ ‘ಆಮಿ’ಯೊಡನೆ ಸೇರಿ ‘ಲಾಮಿ’ ಆಗುತ್ತದೆ. ‘ಅವನಿಗೆ ಇದೆಯೇ’ ಎಂಬರ್ಥದ ‘ಆತಿಲ್’ ಎಂಬಲ್ಲಿ ‘ಆ’ ಮತ್ತು ‘ಇಲ್’ ನಡುವೆ ನುಸುಳುವ ತಕಾರ ನಮ್ಮ ಯಕಾರ, ವಕಾರಗಳಂತೆ ಆಗಮ. ‘ಲಿಯೆಜ಼ೊಂ’ ಮಾತ್ರ ಯಾವ ಗೂಡಿಗೂ ಪೂರ್ತಿ ಒಗ್ಗಲಿಲ್ಲ. ‘ಲೆ’, ‘ಆಮಿ’ ಎರಡೂ ಸೇರಿ ‘ಲೆಜ಼ಾಮಿ’ ಆಗುವಾಗ ಬರುವ ಜ಼ಕಾರ ಹೊರಗಿನಿಂದ ಬಂದದ್ದಲ್ಲ, ಬರವಣಿಗೆಯಲ್ಲಿ ಮೊದಲೇ ಇದ್ದು ಬಾಯಲ್ಲಿ ಮಲಗಿದ್ದ ಸಕಾರ ಎಚ್ಚೆತ್ತು ಘೋಷವಾದದ್ದು. ‘ಗ್ರಾಂ’ ಪದದ ಕೊನೆಯಲ್ಲಿ ಬರೆದ ದಕಾರವೋ ‘ಗ್ರಾಂತಾಮಿ’ಯಲ್ಲಿ ತಕಾರವಾಗಿ, ಅಘೋಷವಾಗಿ ಏಳುತ್ತದೆ. ಆಗಮವೂ ಅಲ್ಲದ, ಬರಿಯ ಆದೇಶವೂ ಅಲ್ಲದ ಇದಕ್ಕೆ ಇಂಗ್ಲಿಷಿನವರೂ ಫ್ರೆಂಚ್ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಹಾಗೆಯೇ ಎಲ್ಲ ಬಗೆಯ ಕೂಡುವಿಕೆಗೆ ನಮ್ಮ ‘ಸಂಧಿ’ಯನ್ನು ಇಟ್ಟುಕೊಂಡಿದ್ದಾರೆ.

ಕೊನೆಯವರೆಗೂ ಖಾಲಿ ಉಳಿದಿದ್ದವು ಎರಡು ಮನೆಗಳು. ಒಂದು ‘ಆಶ್ ಆಸ್ಪಿರೆ’. ಹೆಸರಿನ ಅರ್ಥ ಉಸಿರು ಸೇರಿದ ಹಕಾರವೆಂದಾದರೂ ಇಂದಿನ ಫ್ರೆಂಚಿನಲ್ಲಿ ಅಲ್ಲಿ ಯಾವ ಧ್ವನಿಯೂ ಇಲ್ಲ. ಅದು ಸಂಧಿಯನ್ನು ತಡೆಯುತ್ತದೆ, ಅಷ್ಟೆ. ‘ವೀರರು’ ಎಂಬರ್ಥದ ‘ಲೆ ಎರೊ’ವನ್ನು ‘ಲೆಜ಼ೆರೊ’ ಎಂದರೆ ವೀರರೆಲ್ಲ ಸೊನ್ನೆಗಳಾಗುತ್ತಾರೆ. ಇದರ ಎದುರು ‘ಆಸ್ಪಿರೇಟೆಡ್’ ಎಂದಾಗಲಿ ‘ಮಹಾಪ್ರಾಣ’ ಎಂದಾಗಲಿ ಬರೆಯುವುದು ಸಾಧ್ಯವಿರಲಿಲ್ಲ. ಇನ್ನೊಂದು ‘ಅ ಕಾದ್ಯುಕ್’, ಉದುರಿಹೋಗುವ ಅಕಾರ. ಇದನ್ನು ಇಂಗ್ಲಿಷಿನ ‘ಶ್ವಾ’ ಎಂದು ಅನುವಾದಿಸುವವರಿದ್ದಾರೆ, ಆದರೆ ಶ್ವಾ ಒತ್ತಿಲ್ಲದ ಕಡೆ ಸ್ವರವು ಮಂಕಾದದ್ದು, ಇದು ತುಟಿಯನ್ನು ತುಸು ದುಂಡಗೆ ಮಾಡಿ ಉಚ್ಚರಿಸುವ, ವೇಗದ ಮಾತಿನಲ್ಲಿ ಪೂರ್ತಿ ಬಿದ್ದುಹೋಗುವ ಸ್ವರ. ‘ಪತೀತ್’ ಎಂಬುದು ‘ಪ್ತೀತ್’ ಆಗುವಂತೆ. ಈ ಎರಡು ಮನೆಗಳಲ್ಲಿ ಪದಕ್ಕೆ ಬದಲಾಗಿ ಎರಡೆರಡು ಸಾಲಿನ ವಿವರಣೆ ಬರೆದು, ಅನುವಾದದಲ್ಲಿ ಫ್ರೆಂಚ್ ಹೆಸರುಗಳನ್ನು ಓರೆ ಅಕ್ಷರದಲ್ಲಿ ಹಾಗೆಯೇ ಉಳಿಸಿದೆ.