ಹೊಸ ಕಾಯಿಲ್ ಕೊಳ್ಳುವ ಮುನ್ನ ನುಸುಳಿದ ಒಂದು ಓಮ್ ಹುಡುಕಿ

ದಾವಣಗೆರೆ, ಚಿತ್ರದುರ್ಗದ ಹೊಲಗಳಲ್ಲಿ ಇಂದು ಓಡುತ್ತಿರುವ ಟ್ರ್ಯಾಕ್ಟರುಗಳು ಬಹುತೇಕ ಡೀಸೆಲ್‌ನವು. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಅವುಗಳ ಇಂಧನ ಹೊತ್ತಿಕೊಳ್ಳುವುದರಿಂದ ಅಲ್ಲಿ ಕಿಡಿ ಹಾರಿಸುವ ಪ್ಲಗ್ಗೂ ಇಲ್ಲ, ಆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ಲೂ ಇಲ್ಲ. ಈ ಬರಹವಿರುವುದು ಅಜ್ಜನ ಕಾಲದ ಪೆಟ್ರೋಲ್ ಅಥವಾ ಸೀಮೆಎಣ್ಣೆ ಎಂಜಿನ್ನನ್ನು, ಉದಾಹರಣೆಗೆ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಬೂದು ಬಣ್ಣದ ಫರ್ಗ್ಯುಸನ್ ಟಿಇ-20ಯನ್ನು, ಜೋಪಾನವಾಗಿ ಇಟ್ಟುಕೊಂಡು ಆಯುಧಪೂಜೆಯ ಹಿಂದಿನ ದಿನ ಅದನ್ನು ಚಾಲೂ ಮಾಡಲು ಬೆವರು ಸುರಿಸುವವರಿಗಾಗಿ.

ದಾವಣಗೆರೆಯ ಗ್ಯಾರೇಜೊಂದರಲ್ಲಿ ಜಗಳೂರು ಕಡೆಯ ರೈತರೊಬ್ಬರು ಇಂಥದೇ ಗಾಡಿಗೆ ಮೂರನೆಯ ಹೊಸ ಕಾಯಿಲ್ ಹಾಕಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಮೂರೂ ಕಾಯಿಲ್ಲುಗಳು ಚೆನ್ನಾಗಿಯೇ ಇದ್ದವು. ಕೆಟ್ಟಿದ್ದುದು ಇಗ್ನಿಷನ್ ಸ್ವಿಚ್ಚು. ಕಿಡಿ ಕ್ಷೀಣವಾಗಿದೆ ಎಂದೊಡನೆ ಕಾಯಿಲ್ಲನ್ನೇ ದೂರುವವರು ಅದು ಕೆಲಸ ಮಾಡುವ ಬಗೆಯನ್ನು ಒಮ್ಮೆ ಗಮನಿಸಬೇಕು.

ಎಂಜಿನ್ ತಿರುಗಿದಂತೆ ಸ್ವಿಚ್ಚಿನ ಹಾಗೆ ಕೂಡಿ ಬಿಡುವ ಪಾಯಿಂಟುಗಳು ಕೂಡಿದ್ದಾಗ ಕಾಯಿಲ್ಲಿನ ದಪ್ಪ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಪಾಯಿಂಟುಗಳು ಬಿಟ್ಟುಕೊಂಡ ಕ್ಷಣದಲ್ಲಿ ಆ ಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಹೀಗೆ ಸಂಗ್ರಹವಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದೇ ಇಲ್ಲಿನ ಮರ್ಮ. 12 ವೋಲ್ಟಿನ ಬ್ಯಾಟರಿ, 3 ಓಮ್ ರೋಧವಿರುವ, 8 ಮಿಲಿಹೆನ್ರಿ ಪ್ರೇರಕತೆಯ ಕಾಯಿಲ್ ಎಂದಿಟ್ಟುಕೊಂಡರೆ 4 ಆಂಪಿಯರ್ ಹರಿದು 64 ಮಿಲಿಜೌಲ್ ಶೇಖರವಾಗುತ್ತದೆ. ದಾರಿಯಲ್ಲಿ ಎಲ್ಲಿಯೋ ಕಿಲುಬಿನಿಂದ ಒಂದೇ ಒಂದು ಓಮ್ ಸೇರಿಕೊಂಡರೆ ಹರಿಯುವುದು 3 ಆಂಪಿಯರ್, ಉಳಿಯುವುದು 36 ಮಿಲಿಜೌಲ್. ಕಾಲು ಭಾಗ ಪ್ರವಾಹ ತಗ್ಗಿದ್ದಕ್ಕೆ ಹತ್ತಿರಹತ್ತಿರ ಅರ್ಧದಷ್ಟು ಶಕ್ತಿ ಹೋಯಿತು.

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಟರ್ಮಿನಲ್ಲುಗಳನ್ನು ಉಜ್ಜಿ ಬಿಗಿ ಮಾಡಿ.

ಅನಂತರ ಕಾಯಿಲ್ ಯಾವ ಬಗೆಯದು ಎಂದು ತಿಳಿಯಿರಿ. ತಂತಿಗಳನ್ನು ಬಿಚ್ಚಿ, ಎರಡು ಸಣ್ಣ ಟರ್ಮಿನಲ್ಲುಗಳ ನಡುವೆ ಮಲ್ಟಿಮೀಟರಿನಿಂದ ರೋಧ ಅಳೆಯಿರಿ. ನೇರವಾಗಿ 12 ವೋಲ್ಟಿಗೆ ಜೋಡಿಸುವ ಕಾಯಿಲ್ಲಿನಲ್ಲಿ ಸುಮಾರು 3 ಓಮ್ ಬರುತ್ತದೆ, 1.5 ಓಮಿನ ಆಸುಪಾಸು ಬಂದರೆ ಅದು 6 ವೋಲ್ಟಿನದು ಅಥವಾ ಪ್ರವಾಹ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಬೇಡುವಂಥದು. ಅದನ್ನು ರೆಸಿಸ್ಟರ್ ಇಲ್ಲದೆ 12 ವೋಲ್ಟಿಗೆ ಜೋಡಿಸಿದರೆ ಮೊದಲ ದಿನ ಕಿಡಿ ಅಬ್ಬರಿಸುತ್ತದೆ, ಬಳಿಕ ಪಾಯಿಂಟುಗಳು ಸುಟ್ಟು ಕಾಯಿಲ್ ಕಾದು ಹಾಳಾಗುತ್ತದೆ. ಅಂಗಡಿಯಲ್ಲಿ ‘ನಲವತ್ತು ಸಾವಿರ ವೋಲ್ಟ್’ ಎಂದು ಬಣ್ಣದ ಡಬ್ಬಿಯಲ್ಲಿ ಕೊಡುವ ಕಾಯಿಲ್ಲನ್ನಂತೂ ಈ ಎಂಜಿನ್ನುಗಳಿಗೆ ತರಲೇಬೇಡಿ. ಪ್ಲಗ್ಗಿನ ಸಂದು ಹಾರಲು ಎಷ್ಟು ಬೇಕೋ ಅಷ್ಟಕ್ಕೆ ವೋಲ್ಟೇಜಿನ ಏರಿಕೆ ನಿಲ್ಲುತ್ತದೆ. ಮೇಲಾಗಿ ಟ್ರ್ಯಾಕ್ಟರ್ ಎಂಜಿನ್ ನಿಧಾನದ್ದು: ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೂ ಎರಡು ಕಿಡಿಗಳ ನಡುವೆ 15 ಮಿಲಿಸೆಕೆಂಡ್ ಸಿಗುವುದರಿಂದ ಸಾಧಾರಣ ಕಾಯಿಲ್ ತುಂಬಿಕೊಳ್ಳಲು ಬಿಡುವು ಧಾರಾಳವಾಗಿದೆ.

ಇನ್ನು ಎಲ್ಲರೂ ಎಡವುವ ಹಂತ. ಸ್ವಿಚ್ ಹಾಕಿ, ಕಾಯಿಲ್ಲಿನ ಟರ್ಮಿನಲ್ಲಿಗೆ ಮೀಟರ್ ಹಿಡಿದು, ‘ಹನ್ನೆರಡು ಬರ್ತಾ ಇದೆ, ಲೈನ್ ಸರಿಯಾಗಿದೆ’ ಎಂದುಬಿಡುತ್ತಾರೆ. ಪಾಯಿಂಟುಗಳು ಬಿಟ್ಟುಕೊಂಡಿದ್ದಾಗ ಪ್ರವಾಹವೇ ಇರುವುದಿಲ್ಲ. ಪ್ರವಾಹವಿಲ್ಲದಿದ್ದರೆ ಎಷ್ಟೇ ಕಿಲುಬಿದ್ದರೂ ಮೀಟರು ಹನ್ನೆರಡನ್ನೇ ತೋರಿಸುತ್ತದೆ. ಆದ್ದರಿಂದ ಪಾಯಿಂಟುಗಳಿರುವ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಗಾಡಿ ನ್ಯೂಟ್ರಲ್‌ನಲ್ಲಿದೆಯೆಂದು ಖಚಿತಪಡಿಸಿಕೊಂಡು, ಪಾಯಿಂಟುಗಳು ಪೂರ್ತಿ ಕೂಡುವವರೆಗೆ ಎಂಜಿನ್ನನ್ನು ಕೈಯಿಂದ ತಿರುಗಿಸಿ. ಆಮೇಲೆ ಸ್ವಿಚ್ ಹಾಕಿ, ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು, ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂಬುದನ್ನು ತುಂಡುತುಂಡಾಗಿ ಅಳೆಯಿರಿ. ಬ್ಯಾಟರಿಯಲ್ಲಿ ಸ್ವಿಚ್ಚಿಗೆ ತಂತಿ ಹೊರಡುವ ಕಂಬದಿಂದ ಕಾಯಿಲ್ಲಿನ ಸ್ವಿಚ್ ಕಡೆಯ ಟರ್ಮಿನಲ್ಲಿನವರೆಗೆ, ಕಾಯಿಲ್ಲಿನ ಇನ್ನೊಂದು ಟರ್ಮಿನಲ್ಲಿನಿಂದ ಡಿಸ್ಟ್ರಿಬ್ಯೂಟರಿನ ಮೈವರೆಗೆ, ಅಲ್ಲಿಂದ ಗಾಡಿಯ ಮೈಗೆ ಕಟ್ಟಿದ ಬ್ಯಾಟರಿಯ ಅರ್ತ್ ಕಂಬದವರೆಗೆ. ಯಾವುದೇ ತುಂಡಿನಲ್ಲಿ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಕಂಡರೆ ಕಳ್ಳ ಅಲ್ಲಿಯೇ ಇದ್ದಾನೆ. ಬ್ಯಾಲಸ್ಟ್ ರೆಸಿಸ್ಟರ್ ಇದ್ದರೆ ಮಾತ್ರ ಅದರಲ್ಲಿ ಬೀಳುವ ವೋಲ್ಟೇಜನ್ನು ಲೆಕ್ಕದಿಂದ ಬಿಡಿ. ದೋಷ ಮೊದಲ ತುಂಡಿನಲ್ಲಿದ್ದರೆ ಹೆಚ್ಚಾಗಿ ಸ್ವಿಚ್ಚೇ ಕಾರಣ. ಎರಡನೆಯದರಲ್ಲಿದ್ದರೆ ಕರಕಲಾದ ಪಾಯಿಂಟು ಅಥವಾ ಡಿಸ್ಟ್ರಿಬ್ಯೂಟರಿನೊಳಗಿನ ಹರಿದ ಎಳೆತಂತಿ. ಮೂರನೆಯದರಲ್ಲಿದ್ದರೆ ಬಣ್ಣ ಬಳಿದ ಮೇಲೆಯೇ ಬಿಗಿದ ಅರ್ತ್ ಪಟ್ಟಿ. ಗಾಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಚಾಲೂ ಆಗುತ್ತಿಲ್ಲ ಎಂಬ ದೂರಿನ ಹಿಂದೆ ನಾನು ಮೊದಲು ನೋಡುವುದು ಇದನ್ನೇ. ಅಳತೆ ಮುಗಿದ ಕೂಡಲೇ ಸ್ವಿಚ್ ಆರಿಸಿ. ಪಾಯಿಂಟು ಕೂಡಿದ್ದಾಗ ಹತ್ತು ನಿಮಿಷ ಮರೆತರೆ ಒಳ್ಳೆಯ ಕಾಯಿಲ್ಲೂ ಕಾದು ಕೆಡುತ್ತದೆ.

ಪಾಯಿಂಟುಗಳನ್ನು ಎಮರಿ ಕಾಗದದಿಂದ ಉಜ್ಜುವ ಅಭ್ಯಾಸ ಬಿಡಿ, ಅದರ ಪುಡಿ ಲೋಹದಲ್ಲಿ ನಾಟಿ ಮತ್ತೆ ಸುಡುತ್ತದೆ. ನುಣುಪಾದ ಪಾಯಿಂಟ್ ಅರ ಬಳಸಿ. ಸಂದನ್ನು ಕೈಪಿಡಿಯಲ್ಲಿರುವಂತೆ ಫೀಲರ್ ಗೇಜಿನಿಂದಲೇ ಇಡಿ, ಬ್ಲೇಡಿನ ಅಂದಾಜು ಬೇಡ. ಸಂದು ಹೆಚ್ಚಾದರೆ ಪಾಯಿಂಟು ಕೂಡಿರುವ ಅವಧಿ ಕಡಿಮೆಯಾಗಿ ಕಾಯಿಲ್ ಅಷ್ಟರಮಟ್ಟಿಗೆ ಕಡಿಮೆ ತುಂಬುತ್ತದೆ. ಪಾಯಿಂಟುಗಳ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಸುಮಾರು 0.2 ಮೈಕ್ರೊಫ್ಯಾರಡಿನ ಆ ಪುಟ್ಟ ಡಬ್ಬಿ ಕೆಟ್ಟರೆ ಕಾಂತಕ್ಷೇತ್ರ ಥಟ್ಟನೆ ಕುಸಿಯದೆ, ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟಿನಲ್ಲೇ ಉರಿದುಹೋಗುತ್ತದೆ. ಇದನ್ನು ಮಾತ್ರ ತೀರಾ ಅಗ್ಗದ್ದು ತರಬೇಡಿ.

ಬ್ಯಾಟರಿಯ ಅರ್ತ್ ದಿಕ್ಕನ್ನು ಯಾರಾದರೂ ಬದಲಿಸಿದ್ದರೆ ಕಾಯಿಲ್ಲಿನ ಎರಡು ತಂತಿಗಳನ್ನೂ ಅದಲುಬದಲು ಮಾಡಬೇಕು. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಪ್ಲಗ್ಗಿನ ನಡುವಿನ ಕಡ್ಡಿ ಹೆಚ್ಚು ಬಿಸಿಯಾಗಿರುವುದರಿಂದ ಅದು ನೆಗೆಟಿವ್ ಆಗಿದ್ದಾಗ ಕಿಡಿ ಕಡಿಮೆ ವೋಲ್ಟಿನಲ್ಲೇ ಹಾರುತ್ತದೆ. ದಿಕ್ಕು ತಪ್ಪಿದ್ದರೂ ಎಂಜಿನ್ ಓಡುತ್ತದಾದ್ದರಿಂದ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೂ ಸರಿಪಡಿಸಿದ ಮೇಲೆ ಗಾಡಿ ಚಾಲೂ ಆಗಿ, ಅರ್ಧ ಗಂಟೆ ಓಡಿ, ಕಾಯಿಲ್ ಮುಟ್ಟಲಾರದಷ್ಟು ಬಿಸಿಯಾದಾಗ ತಾನಾಗಿ ನಿಂತು, ಆರಿದ ಮೇಲೆ ಮತ್ತೆ ಏನೂ ಆಗದಂತೆ ಚಾಲೂ ಆದರೆ, ಒಳಗಿನ ಸುರುಳಿಯ ಹೊದಿಕೆ ಬಿಸಿಗೆ ಬಿಟ್ಟುಕೊಡುತ್ತಿರಬಹುದು. ಗಾಡಿ ನಿಂತ ತಕ್ಷಣ, ಬಿಸಿ ಆರುವ ಮುನ್ನವೇ, ಕಿಡಿ ಪರೀಕ್ಷಿಸಿ. ಪೆಟ್ರೋಲ್ ಬರುತ್ತಿದ್ದು ಕಿಡಿ ಮಾತ್ರ ಇಲ್ಲವೆಂದಾದರೆ ಆಗ ಅಂಗಡಿಗೆ ಹೋಗಿ, ಹಳೆಯದರಷ್ಟೇ ಓಮ್ ಇರುವ ಹೊಸ ಕಾಯಿಲ್ ಕೊಳ್ಳಿ. ಮೀಟರನ್ನೂ ಜೊತೆಗೆ ಒಯ್ದು ಗಲ್ಲಾದ ಮೇಲೆಯೇ ಅಳೆದು ನೋಡಿ ತನ್ನಿ.