ಎಚ್‌ಪಿವಿ ಸೀಕ್ವೆನ್ಸಿಂಗ್: ‘ನೆಗೆಟಿವ್’ ಅಂತ ಬರೆಯುವ ಮುನ್ನ ಏನೇನು ನೋಡಬೇಕು

ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಮ್ಮಿ ಎಲ್ಲ ಬಾರಿಯೂ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಎಂಬ ವೈರಸ್‌ನಿಂದಲೇ ಬರುತ್ತದೆ. ಈ ವೈರಸ್‌ನಲ್ಲಿ 200ಕ್ಕೂ ಜಾಸ್ತಿ ಟೈಪ್‌ಗಳಿವೆ. ಅಪಾಯದವು 14ರ ಆಸುಪಾಸು. ಅದರಲ್ಲೂ 16 ಮತ್ತು 18, ಇವೆರಡರಿಂದಲೇ ಸುಮಾರು 70% ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇಷ್ಟು: 30 ವರ್ಷದಿಂದ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಶುರು ಮಾಡಿ, 5ರಿಂದ 10 ವರ್ಷಕ್ಕೊಮ್ಮೆ ಮಾಡಿ. ಅಂದರೆ ಇವತ್ತು ನೀವು ‘ನೆಗೆಟಿವ್’ ಅಂತ ಬರೆದುಕೊಟ್ಟರೆ ಆ ಹೆಣ್ಣುಮಗಳು ಮತ್ತೆ ಬರುವುದು ಐದು ವರ್ಷ ಬಿಟ್ಟು. ಪಾಸಿಟಿವ್ ತಪ್ಪಾದರೆ ಮುಂದಿನ ಪರೀಕ್ಷೆಯಲ್ಲಿ ಗೊತ್ತಾಗಿಬಿಡುತ್ತದೆ, ನೆಗೆಟಿವ್ ತಪ್ಪಾದರೆ ಅಷ್ಟು ವರ್ಷ ಯಾರಿಗೂ ಗೊತ್ತಾಗುವುದಿಲ್ಲ. ಲ್ಯಾಬ್‌ಗೆ ಹೊಸದಾಗಿ ಸೇರಿದವರು, ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿರುವವರು ದಯವಿಟ್ಟು ಇದನ್ನು ತಲೆಯಲ್ಲಿಟ್ಟುಕೊಂಡೇ ಕೆಲಸ ಶುರು ಮಾಡಿ.

ದಿನನಿತ್ಯದ ಸ್ಕ್ರೀನಿಂಗ್‌ಗೆ ಮಾನ್ಯತೆ ಪಡೆದ ಪಿಸಿಆರ್ (ಡಿಎನ್‌ಎಯ ಒಂದು ಭಾಗವನ್ನು ಲಕ್ಷಗಟ್ಟಲೆ ನಕಲು ಮಾಡುವ ವಿಧಾನ) ಕಿಟ್‌ಗಳೇ ಸರಿ. ಆದರೆ ಎಷ್ಟೋ ಕಿಟ್‌ಗಳು 16, 18ನ್ನು ಮಾತ್ರ ಬೇರೆ ಬೇರೆ ತೋರಿಸಿ ಉಳಿದದ್ದನ್ನೆಲ್ಲ ‘ಇತರ ಅಪಾಯಕಾರಿ ಟೈಪ್’ ಅಂತ ಒಂದೇ ಗುಂಪಿಗೆ ಹಾಕುತ್ತವೆ. ಆ ಗುಂಪಿನೊಳಗೆ ಇರುವುದು 31ಓ 45ಓ 58ಓ ಅಂತ ಬಿಡಿಸಿ ಹೇಳುವುದು ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಗಳನ್ನು (ಬೇಸ್) ಸಾಲಾಗಿ ಓದುವುದು.

ಮೊದಲು ಸ್ಯಾಂಪಲ್. ವೈರಸ್ ಹುಡುಕುವ ಮುಂಚೆ ಟ್ಯೂಬಿನಲ್ಲಿ ಮನುಷ್ಯರ ಡಿಎನ್‌ಎ ಇದೆಯಾ ನೋಡಿ. ಅದಕ್ಕೇ ಬೀಟಾ-ಗ್ಲೋಬಿನ್ ಎಂಬ ಮನುಷ್ಯರ ಜೀನ್‌ಗೆ ಪಿಸಿಆರ್ ಮಾಡುವುದು. ಅದೇ ಬರದಿದ್ದರೆ ಬ್ರಷ್‌ನಲ್ಲಿ ಜೀವಕೋಶ ಬಂದೇ ಇಲ್ಲ, ಇಲ್ಲವೇ ರಕ್ತ, ಲೋಳೆ ಸೇರಿ ಪಿಸಿಆರ್ ನಿಂತುಹೋಗಿದೆ. ಅಂಥ ಸ್ಯಾಂಪಲ್‌ನಲ್ಲಿ ಎಚ್‌ಪಿವಿ ಬ್ಯಾಂಡ್ (ನಕಲಾದ ಡಿಎನ್‌ಎ ಜೆಲ್ ಮೇಲೆ ಮೂಡಿಸುವ ಗೆರೆ) ಕಾಣದಿದ್ದರೆ ಅದಕ್ಕೆ ಏನೂ ಅರ್ಥವಿಲ್ಲ.

ಆಮೇಲೆ ಪ್ರೈಮರ್, ಅಂದರೆ ಯಾವ ಭಾಗ ನಕಲಾಗಬೇಕು ಅಂತ ಗುರುತು ಹಿಡಿಯುವ ಚಿಕ್ಕ ಡಿಎನ್‌ಎ ತುಂಡು. ವೈರಸ್‌ನ ಎಲ್1 ಜೀನ್ ಎಲ್ಲ ಟೈಪ್‌ಗಳಲ್ಲೂ ಸುಮಾರಾಗಿ ಒಂದೇ ಥರ ಇರುವುದರಿಂದ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ. ಎಂವೈ09/ಎಂವೈ11 ಜೋಡಿ ಸುಮಾರು 450 ಬೇಸ್‌ನ ತುಣುಕು ಕೊಡುತ್ತದೆ, ಜಿಪಿ5+/ಜಿಪಿ6+ ಅದರ ಒಳಗಿನ ಸುಮಾರು 150 ಬೇಸ್. ಮೇಣದ ಬ್ಲಾಕ್‌ನಲ್ಲಿಟ್ಟ ಹಳೆಯ ಅಂಗಾಂಶವಾದರೆ ಡಿಎನ್‌ಎ ಚೂರುಚೂರಾಗಿರುತ್ತದೆ, ಚಿಕ್ಕ ತುಣುಕೇ ವಾಸಿ. ಪ್ರತಿ ಸಲವೂ ಸ್ಯಾಂಪಲ್ ಬದಲು ಬರೀ ನೀರು ಹಾಕಿದ ಒಂದು ಟ್ಯೂಬ್ ಇಡಿ, ಅದರಲ್ಲಿ ಬ್ಯಾಂಡ್ ಬಂದರೆ ಎಲ್ಲೋ ಕಲಬೆರಕೆ ಆಗಿದೆ ಅಂತ. ಪಿಸಿಆರ್ ಆದ ಟ್ಯೂಬನ್ನು ಮಿಕ್ಸ್ ತಯಾರಿಸುವ ಕೋಣೆಯಲ್ಲಿ ಯಾವತ್ತೂ ತೆರೆಯಬೇಡಿ.

ಈಗ ಸ್ಯಾಂಗರ್ ಸೀಕ್ವೆನ್ಸಿಂಗ್, ಅಂದರೆ ಒಂದೊಂದು ಬೇಸನ್ನೂ ಗ್ರಾಫ್‌ನಲ್ಲಿ ಬಣ್ಣದ ಪೀಕ್ (ಶಿಖರ) ಆಗಿ ತೋರಿಸುವ ವಿಧಾನ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಫೈಲ್ ಬಂದ ತಕ್ಷಣ ಅಕ್ಷರಗಳನ್ನು ಕಾಪಿ ಮಾಡಿ ಬ್ಲಾಸ್ಟ್‌ಗೆ (ಗೊತ್ತಿರುವ ಸೀಕ್ವೆನ್ಸ್‌ಗಳ ಜೊತೆ ಹೋಲಿಸುವ ಸಾಫ್ಟ್‌ವೇರ್) ಹಾಕಿ, ಮೇಲೆ ಬಂದ ಹೆಸರನ್ನು ಬರೆದುಕೊಂಡು ಮುಂದೆ ಹೋಗಬೇಡಿ. ಪೀಕ್‌ಗಳನ್ನು ಕಣ್ಣಾರೆ ನೋಡಿ. ಶುರುವಿನ 30–40 ಬೇಸ್ ಗಲೀಜಾಗಿರುತ್ತದೆ, ಕತ್ತರಿಸಿ ಬಿಸಾಕಿ. 150 ಬೇಸ್‌ನ ತುಣುಕಿನಲ್ಲಿ ಅಷ್ಟು ಹೋದರೆ ಉಳಿಯುವುದು ಕಡಿಮೆ ಅಲ್ವಾ, ಅದಕ್ಕೆ ಎರಡೂ ತುದಿಯಿಂದ ಓದಿಸಿ. ಉಳಿದ ಭಾಗದಲ್ಲಿ ಒಂದೊಂದು ಜಾಗಕ್ಕೆ ಒಂದೇ ಬಣ್ಣದ ಚೂಪು ಪೀಕ್ ಇದ್ದರೆ ಸಾಮಾನ್ಯವಾಗಿ ಒಂದೇ ಟೈಪ್. ಒಂದರ ಕೆಳಗೆ ಇನ್ನೊಂದು ಬಣ್ಣದ ಸಣ್ಣ ಪೀಕ್ ಸಾಲಾಗಿ ಕಾಣುತ್ತಿದ್ದರೆ ಎರಡು ಟೈಪ್ ಒಟ್ಟಿಗಿರುವ ಸಾಧ್ಯತೆ ಜಾಸ್ತಿ. ಸಾಫ್ಟ್‌ವೇರ್ ಮಾತ್ರ ದೊಡ್ಡ ಪೀಕ್‌ನ ಅಕ್ಷರವನ್ನೇ ಆರಿಸಿಕೊಳ್ಳುತ್ತದೆ. ದೊಡ್ಡದು ಬರೀ ನರಹುಲಿ ತರುವ 6 ಆಗಿ, ಅದರಡಿ ಅಡಗಿರುವುದು 16 ಆಗಿದ್ದರೆ? ರಿಪೋರ್ಟ್‌ನಲ್ಲಿ ‘ಕಡಿಮೆ ಅಪಾಯ’ ಅಂತ ಹೋಗುತ್ತದೆ, ಕ್ಯಾನ್ಸರ್ ತರುವ ವೈರಸ್ ಒಳಗೇ ಉಳಿಯುತ್ತದೆ.

ಇಂಥ ಮಿಶ್ರ ಸೋಂಕಿಗೆ ಎನ್‌ಜಿಎಸ್ (ನೆಕ್ಸ್ಟ್ ಜನರೇಶನ್ ಸೀಕ್ವೆನ್ಸಿಂಗ್) ಬೇಕು. ಅದು ಒಂದೊಂದು ತುಣುಕನ್ನೂ ಬೇರೆಬೇರೆಯಾಗಿ ಓದುವುದರಿಂದ ಐದು ಟೈಪ್ ಇದ್ದರೂ ಬಿಡಿಸಿ ತೋರಿಸುತ್ತದೆ. ಆದರೆ ಪಕ್ಕದ ಸ್ಯಾಂಪಲ್‌ನ ಕೆಲವು ರೀಡ್‌ಗಳು (ಓದಿದ ತುಣುಕುಗಳು) ತಪ್ಪಿ ಇದರ ಲೆಕ್ಕಕ್ಕೆ ಸೇರುವುದುಂಟು. ಬರೀ ನೀರಿನ ಟ್ಯೂಬಿನಲ್ಲಿ ಎಷ್ಟು ರೀಡ್ ಬಂದಿವೆ ನೋಡಿ, ‘ಪಾಸಿಟಿವ್’ ಅನ್ನುವ ಕಟ್‌ಆಫ್ ಅದಕ್ಕಿಂತ ಸಾಕಷ್ಟು ಮೇಲಿರಲಿ. ಹಣ ಇಲ್ಲ ಅಂದರೆ 16, 18ಕ್ಕೆ ಪ್ರತ್ಯೇಕ ಪ್ರೈಮರ್ ಹಾಕಿ ನೋಡಿ, ಅಷ್ಟಾದರೂ ಮಾಡಲೇಬೇಕು.

ಇನ್ನೊಂದು ದೊಡ್ಡ ಮೋಸ ಎಲ್1 ಜೀನ್‌ನಲ್ಲೇ ಇದೆ. ವೈರಸ್ ನಮ್ಮ ಡಿಎನ್‌ಎಗೆ ಸೇರಿಕೊಳ್ಳುವಾಗ ಉಂಗುರದಂತಿರುವ ಅದರ ಡಿಎನ್‌ಎ ತುಂಡಾಗುತ್ತದೆ, ಆಗ ಎಲ್1 ಕಳೆದುಹೋಗಬಹುದು. ವೈರಸ್‌ನ ಇ6, ಇ7 ಜೀನ್‌ಗಳು ಮಾತ್ರ ಉಳಿದೇ ಇರುತ್ತವೆ, ಯಾಕೆಂದರೆ ಜೀವಕೋಶದ ಪಿ53 ಮತ್ತು ಆರ್‌ಬಿ ಎಂಬ ಕಾವಲನ್ನು ಕೆಡಿಸಿ ಕ್ಯಾನ್ಸರ್ ಬೆಳೆಸುವುದೇ ಅವು. ಅಂದರೆ ರೋಗ ಮುಂದುವರಿದ ಸ್ಯಾಂಪಲ್‌ನಲ್ಲೇ ಎಲ್1 ಪರೀಕ್ಷೆ ಕೈಕೊಡಬಹುದು. ಕಾಲ್ಪೋಸ್ಕೋಪಿಯಲ್ಲಿ (ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಪರೀಕ್ಷೆ) ಅನುಮಾನ ಬಂದಿದೆ, ನಿಮ್ಮ ಜೆಲ್ ಖಾಲಿ ಇದೆ ಅಂದರೆ ಇ6/ಇ7 ಪ್ರೈಮರ್‌ನಿಂದ ಮತ್ತೆ ಮಾಡಿ.

ಕೊನೆಗೆ ರಿಪೋರ್ಟ್. ಬೀಟಾ-ಗ್ಲೋಬಿನ್ ಬಂದಿದೆ, ನೀರಿನ ಟ್ಯೂಬ್ ಖಾಲಿ ಇದೆ, ಗೊತ್ತಿರುವ ಪಾಸಿಟಿವ್ ಸ್ಯಾಂಪಲ್ ಸರಿಯಾಗಿ ಬಂದಿದೆ, ಆದರೂ ಎಚ್‌ಪಿವಿ ಇಲ್ಲ. ಆಗ ಮಾತ್ರ ‘ನೆಗೆಟಿವ್’. ಬೀಟಾ-ಗ್ಲೋಬಿನ್ ಬರದಿದ್ದರೆ ‘ಪರೀಕ್ಷೆಗೆ ಯೋಗ್ಯವಲ್ಲ, ಮತ್ತೊಮ್ಮೆ ಸ್ಯಾಂಪಲ್ ಬೇಕು’ ಅಂತಲೇ ಬರೆಯಿರಿ. ಮತ್ತೆ ಕರೆಸುವುದು ಹೇಗಪ್ಪಾ ಅಂತ ಹಿಂಜರಿಯಬೇಡಿ. ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಮಹಿಳೆಯರು ತಾವೇ ಯೋನಿಯಿಂದ ಸ್ವ್ಯಾಬ್ ತೆಗೆದುಕೊಟ್ಟರೂ ಆಗುತ್ತದೆ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಿಟ್ ಕಳಿಸಿದರೂ ನಡೆಯುತ್ತದೆ.