ಖಾರ್‌ಘರ್‌ನಲ್ಲಿ ಗಾಲ್ಫ್: ಹೊಸದಾಗಿ ಬಂದ ಕನ್ನಡಿಗರಿಗೆ

ನವಿ ಮುಂಬೈಗೆ ಹೊಸದಾಗಿ ಬಂದಿದ್ದೀರಾ? ಗಾಲ್ಫ್ ಅಂದರೆ ಸಾಹುಕಾರರ ಆಟ ಎಂದು ದೂರ ನಿಲ್ಲಬೇಡಿ. ಚೆಂಬೂರು, ಕೊಲಾಬಾದ ಹಳೆಯ ಕ್ಲಬ್‌ಗಳಲ್ಲಿ ಆಡಲು ಸದಸ್ಯರ ಪರಿಚಯ ಬೇಕು, ನಿಜ. ಖಾರ್‌ಘರ್ ಗುಡ್ಡದ ಬುಡದಲ್ಲಿರುವ ಮೈದಾನ ಹಾಗಲ್ಲ. ಅದನ್ನು ಮಾಡಿಸಿದ್ದು ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ. ಸದಸ್ಯರಲ್ಲದವರೂ ಶುಲ್ಕ ಕಟ್ಟಿ ಆಡಬಹುದು.

11 ಹೋಲ್‌ಗಳಿಂದ ಶುರುವಾದ ಮೈದಾನ ಇದು, ಹೋಲ್ ಅಂದರೆ ಚೆಂಡು ಬೀಳಿಸಬೇಕಾದ ಗುಂಡಿ. 18ಕ್ಕೆ ಬೆಳೆಸುವ ಕೆಲಸವನ್ನು ಸಿಡ್ಕೊ ಕೈಗೆತ್ತಿಕೊಂಡಿತು. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ, ಎಷ್ಟು ಹೋಲ್ ತೆರೆದಿವೆ, ಆ ದಿನದ ದರ ಎಷ್ಟು, ಕ್ಯಾಡಿ (ಚೀಲ ಹೊರುವ ಸಹಾಯಕ) ಸಿಗುತ್ತಾರಾ ಎಂದು ಕೇಳಿಕೊಳ್ಳಿ. ಮೆಟ್ರೋದಲ್ಲಿ ಸೆಂಟ್ರಲ್ ಪಾರ್ಕ್‌ನಲ್ಲಿ ಇಳಿದು ಆಟೋ ಹಿಡಿದರಾಯಿತು. ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ.

ಮೊದಲೇ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲುಗಳ ಪೂರ್ತಿ ಸೆಟ್ ಕೊಳ್ಳಬೇಡಿ. ಒಬ್ಬರು 14 ಕ್ಲಬ್‌ವರೆಗೆ ಇಟ್ಟುಕೊಳ್ಳಬಹುದು ಎಂದು ನಿಯಮವಿದೆ, ಆದರೆ ಹೊಸಬರಿಗೆ ಅಷ್ಟೆಲ್ಲ ಯಾಕೆ? ಮಧ್ಯಮ ದೂರಕ್ಕೆ 7 ಐರನ್, ಮರಳಿನಿಂದ ಚೆಂಡೆತ್ತಲು ಒಂದು ಸ್ಯಾಂಡ್ ವೆಜ್, ಚೆಂಡನ್ನು ಹೋಲ್‌ಗೆ ಉರುಳಿಸಲು ಒಂದು ಪಟರ್ ಸಾಕು. ಗೆಳೆಯರ ಹಳೆಯ ಸೆಟ್ ಇದ್ದರೆ ಕೇಳಿ ತನ್ನಿ. ಕೆಲವು ವಾರ ಬರೀ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲಿ ಕೈ ಪಳಗಲಿ, ಆಮೇಲೆ ಮೈದಾನಕ್ಕಿಳಿಯಿರಿ. ಹತ್ತು ಹೊಡೆತ ಜಾಸ್ತಿ ಆದರೂ ಯಾರೂ ಏನೂ ಅನ್ನುವುದಿಲ್ಲ. ಆಟ ನಿಧಾನ ಮಾಡಿದರೆ ಮಾತ್ರ ಹಿಂದಿನವರಿಗೆ ಬೇಜಾರಾಗುತ್ತದೆ. ಕಳೆದುಹೋದ ಚೆಂಡು ಹುಡುಕಲು ನಿಯಮ ಕೊಡುವುದು 3 ನಿಮಿಷ, 2019ಕ್ಕೆ ಮೊದಲು 5 ಇತ್ತು. ಗುಡ್ಡದ ಕಡೆ ಹುಲ್ಲು ದಟ್ಟವಾಗಿರುತ್ತದೆ. ಅಲ್ಲಿಗೆ ಹೋದ ಚೆಂಡಿನ ಆಸೆ ಬಿಡಿ, ಪೊದೆಯಲ್ಲಿ ಕೈ ಹಾಕಬೇಡಿ, ಹಾವು ಇರಬಹುದು.

ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲುನೆಲ) ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಮೇಲಿಂದ ಚೆಂಡು ಬಿದ್ದ ಜಾಗದಲ್ಲಿ ಸಣ್ಣ ಕುಳಿ ಬೀಳುತ್ತದೆ. ಟೀ (ಚೆಂಡು ಇಡುವ ಪುಟ್ಟ ಗೂಟ) ಅಥವಾ ಕುಳಿ ಸರಿಮಾಡುವ ಸಣ್ಣ ಫೋರ್ಕನ್ನು ಕುಳಿಯ ಅಂಚಿಗೆ ಚುಚ್ಚಿ ಸುತ್ತಲ ಹುಲ್ಲನ್ನು ನಡುವಿಗೆ ತಳ್ಳಿ. ಮಣ್ಣನ್ನು ಕೆಳಗಿನಿಂದ ಮೇಲೆತ್ತಬೇಡಿ, ಬೇರು ಹರಿದು ಹುಲ್ಲು ಸಾಯುತ್ತದೆ. ಆಮೇಲೆ ಪಟರ್‌ನಿಂದ ಮೆಲ್ಲಗೆ ತಟ್ಟಿ. ಬೇರೆಯವರು ಬಿಟ್ಟುಹೋದ ಕುಳಿ ಕಂಡರೆ ಅದನ್ನೂ ಸರಿಮಾಡಿ. ಬಂಕರ್‌ನಿಂದ (ಮರಳಿನ ಹೊಂಡ) ಹೊರಬರುವಾಗ ಹೆಜ್ಜೆ ಗುರುತು ರೇಕ್‌ನಿಂದ ಅಳಿಸಿ. ಚೆಂಡು ಜನರತ್ತ ಹೋಗುತ್ತಿದ್ದರೆ ‘ಫೋರ್!’ (ಎಚ್ಚರ!) ಎಂದು ಜೋರಾಗಿ ಕೂಗಿ. ಅಲ್ಲಿ ಸಂಕೋಚ ಪಡಲೇಬಾರದು.

ಕ್ಯಾಡಿಗಳ ಮಾತು ಕೇಳಿ. ಗ್ರೀನ್ ಎತ್ತ ವಾಲುತ್ತದೆ, ಗಾಳಿ ಎಷ್ಟು ಎಳೆಯುತ್ತದೆ ಎಂಬುದು ಅವರಿಗೆ ನಿತ್ಯದ ಕೆಲಸ. ಮರಾಠಿಯಲ್ಲಿ ‘ಭಾವೂ’ (ಅಣ್ಣ) ಅಂತ ಕರೆದು ಮಾತಾಡಿಸಿ, ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ಬಿಸಿಲಲ್ಲಿ ನಿಮ್ಮ ಚೀಲ ಹೊತ್ತು ನಡೆಯುವವರು ಅವರು.

ನವೆಂಬರಿನಿಂದ ಫೆಬ್ರವರಿವರೆಗೆ ಮುಂಜಾನೆ ಆಡುವುದು ಹಿತ. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಗುಡ್ಡ ಹಸಿರಾಗಿ ಸೊಗಸಾಗಿರುತ್ತದೆ, ಆದರೆ ನೆಲ ಕೆಸರು. ಗುಡುಗು ಕೇಳಿಸಿದರೆ ಕ್ಲಬ್ ಮೇಲೆತ್ತಬೇಡಿ, ಮರದಡಿ ನಿಲ್ಲಬೇಡಿ, ಆಟ ಬಿಟ್ಟು ಕಟ್ಟಡದೊಳಗೆ ಬನ್ನಿ.